ಅಂಟಾರ್ಕ್ಟಿಕ ಮೀನುಗಳ ನೆಂಟಸ್ತನ: ಮೂಳೆ ನೋಡೋದಾ, ಡಿಎನ್‌ಎ ನೋಡೋದಾ?

ಮೈಸೂರಿನಲ್ಲಿ ಕೂತು ಅಂಟಾರ್ಕ್ಟಿಕದ ಮೀನು ವಿಂಗಡಿಸೋಕೆ ಆಗುತ್ತಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಖಂಡಿತ ಆಗುತ್ತೆ. ಅಂಟಾರ್ಕ್ಟಿಕದ ಸಮುದ್ರದಲ್ಲಿ ಹೆಚ್ಚಾಗಿ ಸಿಗೋ ನೊಟೊಥೆನಿಯಾಯ್ಡ್ ಅನ್ನೋ ಮೀನಿನ ಗುಂಪನ್ನು ನಾನು ಎರಡು ದಾರಿಯಲ್ಲೂ ವಿಂಗಡಿಸಿ ನೋಡಿದ್ದೇನೆ. ಒಮ್ಮೆ ಪ್ರಕಟವಾದ ಎಕ್ಸ್‌ರೇ ಮತ್ತು ವಿವರಣೆಗಳಿಂದ ಅಂಗರಚನೆಯ ಪಟ್ಟಿ ಮಾಡಿದೆ. ಇನ್ನೊಮ್ಮೆ ಜೀನ್‌ಬ್ಯಾಂಕ್ ಅನ್ನೋ ಆನ್‌ಲೈನ್ ಡಿಎನ್‌ಎ ಭಂಡಾರದಿಂದ ಸೈಟೋಕ್ರೋಮ್ ಬಿ ಅನ್ನೋ ಒಂದು ಜೀನ್ ಇಳಿಸಿಕೊಂಡು, ಮೆಗಾ ತಂತ್ರಾಂಶದಲ್ಲಿ ವಂಶವೃಕ್ಷ ಕಟ್ಟಿದೆ.

ಅಂಗರಚನೆಯ ದಾರಿಯಲ್ಲಿ ಮೀನು ನಿಜವಾಗಿ ಕಣ್ಣಿಗೆ ಕಾಣುತ್ತೆ. ಇವಕ್ಕೆ ಗಾಳಿಚೀಲ ಇಲ್ಲ. ಪಾರ್ಶ್ವರೇಖೆ, ಅಂದರೆ ನೀರಿನ ಅಲುಗಾಟ ಗ್ರಹಿಸೋ ಮೈಪಕ್ಕದ ಗೆರೆ, ಸಾಮಾನ್ಯವಾಗಿ ಎರಡು ಅಥವಾ ಮೂರು. ಮೂತಿಯ ಒಂದೊಂದು ಪಕ್ಕಕ್ಕೆ ಒಂದೇ ಮೂಗಿನ ಹೊಳ್ಳೆ. ಈಗ ಮಾರ್ಕೆಟಿನಿಂದ ಒಂದು ಜಿಲೇಬಿ ಮೀನು (ತಿಲಾಪಿಯಾ) ತಂದು ಮೂತಿ ನೋಡಿ. ಅದಕ್ಕೂ ಪಕ್ಕಕ್ಕೆ ಒಂದೇ ತೂತು. ಕಾಟ್ಲಾಗೆ ಎರಡೆರಡು. ಜಿಲೇಬಿಯ ಪಾರ್ಶ್ವರೇಖೆಯೂ ನಡುವೆ ಕಡಿದು ಎರಡು ತುಂಡಾಗಿರುತ್ತೆ. ಹಾಗಂತ ಜಿಲೇಬಿ ಅಂಟಾರ್ಕ್ಟಿಕದ ಮೀನಿಗೆ ಹತ್ತಿರದ ನೆಂಟ ಅಲ್ಲ. ಬೇರೆ ಬೇರೆ ವಂಶದಲ್ಲಿ ಒಂದೇ ಲಕ್ಷಣ ಹುಟ್ಟಬಹುದು. ಮೂಳೆ ಮಾತ್ರ ನೋಡಿದರೆ ಈ ಗೊಂದಲ ಬಿಡಿಸೋದು ಕಷ್ಟ.

ಇನ್ನೂ ದೊಡ್ಡ ಪಾಠ ಇದೇ ನೊಟೊಥೆನಿಯಾಯ್ಡ್ ಗುಂಪಿನ ಪೊಗೊನೊಫ್ರೈನ್ ಮೀನುಗಳದ್ದು. ಇವುಗಳ ಗಲ್ಲದ ಕೆಳಗೆ ಒಂದು ಮೀಸೆ ನೇತಾಡುತ್ತೆ. ಅದರ ಉದ್ದ, ತುದಿಯ ಆಕಾರ, ಮೈಮೇಲಿನ ಚುಕ್ಕೆ ನೋಡಿ ವಿಜ್ಞಾನಿಗಳು ಹೆಸರು ಕೊಡುತ್ತಾ ಹೋದರು. 29 ಪ್ರಭೇದ ಆಯಿತು. 2022ರಲ್ಲಿ ಜೀನೋಮ್ ಉದ್ದಕ್ಕೂ ಡಿಎನ್‌ಎ ಹೋಲಿಸಿದಾಗ ಉಳಿದದ್ದು ಐದೇ! ಒಂದೇ ಪ್ರಭೇದದೊಳಗೆ ಮೀಸೆ ಅಷ್ಟೊಂದು ಬದಲಾಗುತ್ತೆ. ಇದನ್ನು ಓದಿದ ಮೇಲೆ ನನಗೆ ಮೀಸೆ ನೋಡಿ ಹೆಸರಿಡೋದರ ಮೇಲಿದ್ದ ಭರವಸೆ ಹೋಯಿತು.

ಡಿಎನ್‌ಎ ದಾರಿ ಬೇಗ ಮುಗಿಯುತ್ತೆ. ಬಿಳಿ ರಕ್ತದ ಹಿಮಮೀನುಗಳು ನನ್ನ ವೃಕ್ಷದಲ್ಲಿ ಒಂದೇ ಕೊಂಬೆಗೆ ಬಂದವು. ಇವುಗಳ ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲ ಅಂತ ನಾರ್ವೆಯ ಜೀವವಿಜ್ಞಾನಿ ಯೊಹಾನ್ ರೂಡ್ 1954ರಲ್ಲೇ ತೋರಿಸಿದ್ದರು. ಇಲ್ಲಿ ಎರಡೂ ದಾರಿ ಒಪ್ಪುತ್ತವೆ. ಆದರೆ ಡ್ರ್ಯಾಗನ್ ಮೀನುಗಳ ಕುಟುಂಬ, ಅಂದರೆ ಬೆನ್ನಿನ ಮುಂದಿನ ಮುಳ್ಳುರೆಕ್ಕೆ ಇಲ್ಲದವು, ಒಟ್ಟಾಗಿ ನಿಲ್ಲಲಿಲ್ಲ. ದೊಡ್ಡ ಅಧ್ಯಯನಗಳಲ್ಲೂ ಅದೇ ಕಥೆ.

ಆದರೂ ಒಂದೇ ಜೀನ್ ಸಾಲದು. ಸೈಟೋಕ್ರೋಮ್ ಬಿ ಇರೋದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾದಲ್ಲಿ. ಅದು ತಾಯಿಯಿಂದ ಮಾತ್ರ ಬರುತ್ತೆ, ಅರ್ಧ ಕಥೆಯನ್ನಷ್ಟೇ ಹೇಳುತ್ತೆ. ಈಚೆಗೆ ಕವಲೊಡೆದ ಪ್ರಭೇದಗಳಲ್ಲಂತೂ ನನ್ನ ವೃಕ್ಷದ ಕೊಂಬೆಗಳು ತೀರಾ ದುರ್ಬಲವಾಗಿದ್ದವು, ಅಂದರೆ ನಂಬೋ ಹಾಗಿರಲಿಲ್ಲ. ಪ್ರೋಟೀನ್ ಮಾತ್ರ ನೋಡಿದರೂ ದಾರಿ ತಪ್ಪುತ್ತೀವಿ. ಅಂಟಾರ್ಕ್ಟಿಕದ ಈ ಮೀನುಗಳ ರಕ್ತ ಚಳಿಗೆ ಮಂಜುಗಡ್ಡೆ ಆಗದಂತೆ ಕಾಯೋ ಪ್ರೋಟೀನ್ ಆರ್ಕ್ಟಿಕ್ ಕಾಡ್ ಮೀನಿನಲ್ಲೂ ಹೆಚ್ಚುಕಮ್ಮಿ ಹಾಗೇ ಇದೆ. ಆದರೆ ಅಂಟಾರ್ಕ್ಟಿಕದ್ದು ಟ್ರಿಪ್ಸಿನೋಜನ್ ಅನ್ನೋ ಜೀರ್ಣಕ್ರಿಯೆಯ ಪ್ರೋಟೀನಿನ ಜೀನಿನಿಂದ ಹುಟ್ಟಿದ್ದು, ಕಾಡ್ ಮೀನಿನದ್ದರ ಮೂಲವೇ ಬೇರೆ. 1997ರಲ್ಲಿ ಜೀನ್‌ಗಳನ್ನೇ ಬಿಡಿಸಿ ನೋಡಿದಾಗ ಇದು ಗೊತ್ತಾಯಿತು.

ಯಾರು ಯಾರಿಗೆ ನೆಂಟರು ಅಂತ ಕೇಳಿದರೆ ನನ್ನ ವೋಟು ಡಿಎನ್‌ಎಗೆ, ಅದೂ ಹಲವು ಜೀನ್ ಒಟ್ಟಿಗೆ ತೆಗೆದುಕೊಂಡರೆ ಮಾತ್ರ. ಆದರೆ ಭಂಡಾರಕ್ಕೆ ಹಾಕೋ ಡಿಎನ್‌ಎ ಅನುಕ್ರಮದ ಮೇಲೆ ಮೀನಿನ ಹೆಸರು ಬರೆಯುವಾಗ ಆ ಮೀನು ಯಾವುದು ಅಂತ ಯಾರೋ ಮೂಳೆ, ರೆಕ್ಕೆ ನೋಡಿಯೇ ಹೇಳಿರುತ್ತಾರೆ. ಅದಕ್ಕೇ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ತೆಗೆಯೋ ಮುಂಚೆ ಜಿಲೇಬಿ ಬೇಯಿಸಿ, ಮಾಂಸ ಬಿಡಿಸಿ, ಒಂದೊಂದೇ ಮೂಳೆ ಜೋಡಿಸಲಿ ಅನ್ನುತ್ತೇನೆ.