ಸ್ಕಾಲರ್ ಪ್ರೊಫೈಲ್ ನಂಬಿ ಅರ್ಜಿ ತುಂಬುವವರೇ, ಸ್ವಲ್ಪ ನಿಲ್ಲಿ

ಬಡ್ತಿಗೆ ಅರ್ಜಿ ಹಾಕುತ್ತಿರುವ ಮೇಷ್ಟ್ರುಗಳೇ, ಮೇಡಂಗಳೇ, ಸಂಶೋಧನಾ ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರ್ ತಾಣ ತೋರಿಸುವ ಸೈಟೇಶನ್ ಸಂಖ್ಯೆಯನ್ನು, ಅಂದರೆ ನಮ್ಮ ಪೇಪರ್‌ಗಳು ಎಷ್ಟು ಸಲ ಉಲ್ಲೇಖಗೊಂಡಿವೆ ಅನ್ನುವ ಲೆಕ್ಕವನ್ನು, ಕಣ್ಣುಮುಚ್ಚಿ ಅರ್ಜಿಗೆ ಇಳಿಸಬೇಡಿ. ನಾನು ಇಳಿಸಿ ಮಾನ ಕಳಕೊಂಡೆ.

ತುಮಕೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು ನಾನು. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಬೆಲೆ ಮೇಲೆ ಐದು ಪೇಪರ್ ಬರೆದಿದ್ದೇನೆ. ನನ್ನ ನಿಜವಾದ ಸೈಟೇಶನ್ 23, ಎಚ್-ಇಂಡೆಕ್ಸ್ 3. ಅಂದರೆ ತಲಾ ಮೂರು ಸಲವಾದರೂ ಉಲ್ಲೇಖಗೊಂಡ ಪೇಪರ್ ಮೂರು ಇವೆ ಅಂತ; ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ ಲೆಕ್ಕ. ಅರ್ಜಿ ತುಂಬುವ ದಿನ ನೋಡಿದರೆ ಸೈಟೇಶನ್ 412, ಎಚ್-ಇಂಡೆಕ್ಸ್ 11! ಹಿಗ್ಗಿ ಹೀರೇಕಾಯಿಯಾದೆ, ಬರೆದುಬಿಟ್ಟೆ. ಐದೇ ಪೇಪರ್ ಇರುವವಳ ಎಚ್-ಇಂಡೆಕ್ಸ್ ಐದನ್ನು ದಾಟುವಂತೆಯೇ ಇಲ್ಲ. ದಿನಾ ಲೆಕ್ಕ ಹೇಳಿಕೊಡುವವಳಿಗೆ ಇಷ್ಟು ಹೊಳೆಯಲಿಲ್ಲ ನೋಡಿ.

ಸಂದರ್ಶನದಲ್ಲಿ ವಿಷಯ ತಜ್ಞರೊಬ್ಬರು ನನ್ನ ಪ್ರೊಫೈಲ್ ಪ್ರಿಂಟ್ ತೆಗೆದುಕೊಂಡೇ ಬಂದಿದ್ದರು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ.

"ಮೇಡಂ, ಕೊಬ್ಬರಿ ಬಿಟ್ಟು ರೇಷ್ಮೆಹುಳಕ್ಕೆ ಯಾವಾಗ ಬಂದ್ರಿ?"

ಹುಳದ ರೋಗದ ಮೇಲಿನ ಪೇಪರ್. ನನ್ನ ಹೆಸರು, ನನ್ನದೇ ಇನಿಷಿಯಲ್. ಬಾಯಿ ಒಣಗಿಹೋಯಿತು. "ಅದು ನಂದಲ್ಲ ಸಾರ್" ಅಂದೆ. "ಹಾಗಾದ್ರೆ ಇದು?" ಅಂತ ಮುಂದಿನ ಸಾಲಿಗೆ ಬೆರಳಿಟ್ಟರು. ಅದೂ ನನ್ನದಲ್ಲ.

ಆಗಿದ್ದಿಷ್ಟೆ. ಪ್ರೊಫೈಲ್ ಮಾಡುವಾಗ ಹೊಸ ಪೇಪರ್ ತಾನಾಗಿ ಸೇರಿಕೊಳ್ಳಲಿ ಅನ್ನುವ ಆಯ್ಕೆ ಕೊಟ್ಟಿದ್ದೆ. ನಮ್ಮ ಕಡೆ ಹೆಸರು ಗೊತ್ತಲ್ಲ, ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೊಂದು ಹೆಸರು. ಊರಿಗೊಬ್ಬಳೇ ಪದ್ಮಾವತಿ ನಾನಲ್ಲ. ಯಂತ್ರಕ್ಕೆ ನಾವೆಲ್ಲ ಒಂದೇ. ಆ ಆಯ್ಕೆ ಬದಲಿಸಿ, ಸೇರಿಸುವ ಮುಂಚೆ ಇಮೇಲ್‌ನಲ್ಲಿ ಕೇಳುವ ಹಾಗೆ ಮಾಡಿಕೊಳ್ಳಿ, ನಿಮ್ಮದಲ್ಲದ್ದನ್ನು ಅಳಿಸಿ. ಒಂದೇ ಹೆಸರಿನ ಸಂಶೋಧಕರನ್ನು ಬೇರೆಬೇರೆಯಾಗಿ ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆಯನ್ನೂ ಮಾಡಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ.

ಅವಮಾನದ ಸಿಟ್ಟಿನಲ್ಲಿ ಆ ರಾತ್ರಿ ನನ್ನವೇ ಆದ 23 ಸೈಟೇಶನ್‌ಗಳನ್ನೂ ಒಂದೊಂದಾಗಿ ತೆರೆದು ಕೂತೆ. ಏಳು ನಾನೇ ನನ್ನನ್ನು ಉಲ್ಲೇಖಿಸಿಕೊಂಡಿದ್ದು. ಒಂದೇ ಪೇಪರ್ ವಿಚಾರಸಂಕಿರಣದ ಪ್ರತಿಯಾಗಿ, ಪತ್ರಿಕೆಯ ಪ್ರತಿಯಾಗಿ ಎರಡು ಸಲ ಎಣಿಕೆಯಾಗಿತ್ತು. ಒಬ್ಬರು ನನ್ನ ತೀರ್ಮಾನ ತಪ್ಪು ಅಂತ ಹೇಳಲಿಕ್ಕೇ ನನ್ನ ಹೆಸರು ತಂದಿದ್ದರು. ಅದೂ ಲೆಕ್ಕಕ್ಕೆ ಒಂದೇ. ಹೆಚ್ಚಿನವು ಪೀಠಿಕೆಯಲ್ಲಿ ಆರೇಳು ಹೆಸರಿನ ಜೊತೆ ಒಗ್ಗರಣೆಗೆ ಹಾಕಿದಂಥವು. ಒಂದರಲ್ಲಿ ಮಾತ್ರ ನಾನು ಬೆಲೆ ಹೋಲಿಸಿದ ವಿಧಾನವನ್ನೇ ಎತ್ತಿಕೊಂಡು ಅಡಿಕೆಗೆ ಹಚ್ಚಿ, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅಂತ ಎರಡು ಪುಟ ಬರೆದಿದ್ದರು. ಪ್ರಭಾವ ಅಂತ ಎದೆ ಮುಟ್ಟಿ ಹೇಳಬಹುದಾದದ್ದು ಅದೊಂದೇ. ನಮ್ಮ ಕನ್ನಡ ವಿಭಾಗದ ಹಿರಿಯರೊಬ್ಬರ ಪುಸ್ತಕ ಹಿಡಿದುಕೊಂಡು ಎಷ್ಟೋ ಜನ ಪಿಎಚ್‌ಡಿ ಮುಗಿಸಿದ್ದಾರೆ, ಸ್ಕಾಲರ್‌ನಲ್ಲಿ ಅವರ ಸುಳಿವೇ ಇಲ್ಲ. ಇದು ಬೇರೆ ಗೋಳು.

ಬಡ್ತಿ ಆ ಸಲ ಸಿಗಲಿಲ್ಲ. ಆ ರೇಷ್ಮೆಹುಳದ ಪೇಪರ್ ಬರೆದ, ನನ್ನದೇ ಹೆಸರಿನ ಮೇಡಂಗೆ ಕ್ಷಮೆ ಕೇಳಿ ಮೇಲ್ ಹಾಕಿದೆ. ಮರುದಿನ ಉತ್ತರ ಬಂತು: "ಪರವಾಗಿಲ್ಲ ಬಿಡಿ ಮೇಡಂ. ನಿಮ್ಮ ಕೊಬ್ಬರಿ ಪೇಪರ್ ಎರಡು ನನ್ನ ಪ್ರೊಫೈಲ್‌ನಲ್ಲಿವೆ, ಈಗಷ್ಟೇ ನೋಡಿದೆ."