ಗಂಡು ಬೆಕ್ಕು ಮೂತ್ರಕ್ಕೆ ತಿಣುಕುತ್ತಿದ್ದರೆ ಪೆಟ್ ಶಾಪ್ ಔಷಧಿ ನಂಬಬೇಡಿ

ಮಂಡ್ಯ, ಮೈಸೂರು ಕಡೆ ವಯಸ್ಸಾದ ಗಂಡು ಬೆಕ್ಕು ಸಾಕಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಕ್ಕು ಮರಳಿನ ಟ್ರೇಗೆ ಪದೇ ಪದೇ ಹೋಗಿ ಕೂತು ತಿಣುಕುತ್ತಿದೆ, ಹನಿ ಹನಿ ಬರುತ್ತಿದೆ ಅಥವಾ ಏನೂ ಬರುತ್ತಿಲ್ಲ ಅಂದರೆ ಅದು ತುರ್ತು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಕಟ್ಟಿಕೊಳ್ಳುತ್ತದೆ. ಮೂತ್ರ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನದಲ್ಲಿ ಜೀವವೇ ಹೋಗಬಹುದು.

ನಮ್ಮ ಕೆಂಚನಿಗೆ 12 ವರ್ಷ. ನನ್ನದು ಮನೆಯಲ್ಲೇ ಟೈಲರಿಂಗ್ ಕೆಲಸ. ಮಂಡ್ಯದ ಒಂದು ಪೆಟ್ ಶಾಪ್‌ಗೆ ಅವನನ್ನು ಕರೆದುಕೊಂಡು ಹೋಗಿದ್ದೆ. ಮುಂದೆ ಅಂಗಡಿ, ಹಿಂದೆ ಒಂದು ಸಣ್ಣ ರೂಮು. ಬೋರ್ಡಿನಲ್ಲಿ ಕ್ಲಿನಿಕ್ ಅಂತಲೇ ಬರೆದಿದ್ದಾರೆ. ಒಳಗಿದ್ದವರು ಬಿಳಿ ಕೋಟು ಹಾಕಿದ್ದರು. ನೋಡುವುದಕ್ಕೆ ಫೀಸಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇರುವವರು ಅಲ್ಲಿಗೆ ಹೋಗುವುದೇ ಈ ಒಂದು ಕಾರಣಕ್ಕೆ.

ಅವರು ಕೆಂಚನ ಹೊಟ್ಟೆ ಒತ್ತಿ ನೋಡಿದರು. "ಏನೂ ಆಗಿಲ್ಲ ಅಕ್ಕ, ವಯಸ್ಸಾಯ್ತಲ್ಲ, ಹೊಟ್ಟೆ ಕಟ್ಟಿದೆ ಅಷ್ಟೇ" ಅಂದರು. ಮಲ ಸಡಿಲ ಆಗಲಿ ಅಂತ ಒಂದು ಸಿರಪ್ ಕೊಟ್ಟರು. ಮೂತ್ರ ಬಿಡುತ್ತಾನಾ ಅಂತ ಕೇಳಲೇ ಇಲ್ಲ. ನಾನೇ ಹೇಳಿದೆ, ಮೊಸಾಯಿಕ್ ನೆಲದ ಮೇಲೆ ಅಲ್ಲಲ್ಲಿ ಒಂದೊಂದು ಹನಿ ಹಾಕುತ್ತಾನೆ, ಆ ಜಾಗವನ್ನೇ ನೆಕ್ಕುತ್ತಾನೆ, ಕೂಗುತ್ತಾನೆ ಅಂತ. ಹಾಗಾದರೆ ಉರಿಮೂತ್ರ ಇರಬೇಕು ಅಂತ ಮನುಷ್ಯರಿಗೆ ಕೊಡುವ ಇನ್ನೊಂದು ಸಿರಪ್ ಕೊಟ್ಟರು. ಜೊತೆಗೆ ಮೂಟೆಯಿಂದ ಬಿಡಿಯಾಗಿ ತೂಗಿ ಕವರಿಗೆ ಹಾಕಿದ ಒಣ ಫುಡ್. "ಇದು ಯೂರಿನರಿ ಫುಡ್, ಕಂಪನಿ ಪ್ಯಾಕೆಟ್ ಆದರೆ ಡಬಲ್ ರೇಟು. ಕಲ್ಲಿದ್ದರೂ ಕರಗುತ್ತೆ" ಅಂದರು.

ಆ ಉರಿಮೂತ್ರದ ಸಿರಪ್ ಬಗ್ಗೆ ಆಮೇಲೆ ಮೈಸೂರಿನ ಡಾಕ್ಟರ್ ಹೇಳಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿದ್ದದ್ದು ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. ನಮ್ಮ ಮನೆಗಳಲ್ಲೂ ಬೇಸಿಗೆಯಲ್ಲಿ ಉರಿಮೂತ್ರಕ್ಕೆ ಕುಡಿಯುತ್ತಾರಲ್ಲ, ಅದೇ. ಅದು ಮೂತ್ರವನ್ನು ಕ್ಷಾರದ ಕಡೆಗೆ ತಿರುಗಿಸುತ್ತದೆ. ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಸ್ಟ್ರುವೈಟ್ ಅನ್ನುವ ಹರಳು ಬೆಳೆಯುವುದು ಕ್ಷಾರದ ಮೂತ್ರದಲ್ಲೇ. ಅಂದರೆ ಕೆಂಚನಿಗೆ ಯಾವುದು ಬೇಡವಾಗಿತ್ತೋ ಅದನ್ನೇ ಕೊಟ್ಟಿದ್ದರು. ಮೂತ್ರ ಪರೀಕ್ಷೆ ಮಾಡದೆ ಯಾವ ಹರಳು ಅಂತ ಹೇಳುವುದಕ್ಕೆ ಆಗುವುದೇ ಇಲ್ಲ. ಕಲ್ಲು ಕರಗುತ್ತೆ ಅನ್ನುವ ಮಾತೂ ಅಷ್ಟೇ. ಸರಿಯಾದ ಆಹಾರದಿಂದ ಸ್ಟ್ರುವೈಟ್ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಇನ್ನೊಂದು ಬಗೆಯ ಕಲ್ಲು ಯಾವ ಆಹಾರಕ್ಕೂ ಕರಗುವುದಿಲ್ಲ. ಮೂಟೆಯ ಫುಡ್ಡಿನಲ್ಲಿ ಏನಿತ್ತು ಅನ್ನುವುದಕ್ಕಂತೂ ಲೇಬಲ್ಲೇ ಇಲ್ಲ.

ಮಾರನೇ ದಿನ ಕೆಂಚ ಊಟ ಬಿಟ್ಟ. ಮಂಚದ ಕೆಳಗೆ ಸೇರಿಕೊಂಡ. ಅಂಗಡಿಗೆ ಫೋನ್ ಮಾಡಿದರೆ, ಕೆಳಹೊಟ್ಟೆ ಒತ್ತಿ ಅಕ್ಕ, ಬಂದುಬಿಡುತ್ತೆ ಅಂದರು. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ತುಂಬಿದ ಮೂತ್ರಕೋಶ ಒತ್ತಿದರೆ ಒಳಗೇ ಒಡೆಯಬಹುದು. ಅವನನ್ನು ಮುಟ್ಟಿದರೇ ಕಿರುಚುತ್ತಿದ್ದ, ಹಾಗಾಗಿ ನಮ್ಮಮ್ಮ ಒತ್ತಲು ಬಿಡಲಿಲ್ಲ. ಅಷ್ಟರಲ್ಲಿ ವಾಂತಿ ಶುರುವಾಯಿತು. ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿಗೆ ಓಡಿದೆವು.

ಅಲ್ಲಿನ ಡಾಕ್ಟರ್ ಹೊಟ್ಟೆ ಮುಟ್ಟಿದ ತಕ್ಷಣವೇ ಹೇಳಿದರು: "ಹೊಟ್ಟೆ ಕಟ್ಟಿರೋದಲ್ಲಮ್ಮ, ಮೂತ್ರ ಕಟ್ಟಿದೆ." ಮೂತ್ರಕೋಶ ಕಿತ್ತಳೆ ಹಣ್ಣಿನಷ್ಟು ದಪ್ಪಕ್ಕೆ, ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಅರಿವಳಿಕೆ ಕೊಟ್ಟು, ಮೂತ್ರನಾಳದೊಳಗೆ ಕ್ಯಾಥೆಟರ್ ಅನ್ನುವ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆದರು. ಬಂದದ್ದು ಕೆಂಪು ಮೂತ್ರ. ಡ್ರಿಪ್ ಹಾಕಿದರು. ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ), ಪೊಟ್ಯಾಸಿಯಂ ಎರಡೂ ಏರಿದ್ದವು. ಮೂತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಸ್ಟ್ರುವೈಟ್ ಹರಳು ಕಂಡವು. ಕೆಂಚ ಬದುಕಿದ. ಆದರೆ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ, ಕಿಡ್ನಿ ತೊಂದರೆ ಉಳಿದುಕೊಂಡಿತು. ಬಿಲ್ಲು ಕಟ್ಟುವುದಕ್ಕೆ ಅಮ್ಮನ ಓಲೆ ಅಡವಿಡಬೇಕಾಯಿತು. ಶುರುವಿನಲ್ಲೇ ಒಬ್ಬ ನಿಜವಾದ ಡಾಕ್ಟರ್ ಮೂತ್ರಕೋಶ ಮುಟ್ಟಿ ನೋಡಿದ್ದರೆ ಇದರಲ್ಲಿ ಎಷ್ಟೋ ಉಳಿಯುತ್ತಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರ್ ಅಲ್ಲ. ಪಶುವೈದ್ಯರು ಬಿ.ವಿ.ಎಸ್‌ಸಿ. ಓದಿರಬೇಕು, ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಇದಕ್ಕೆ 1984ರ ಕಾನೂನೇ ಇದೆ. ನೋಂದಣಿ ನಂಬರ್ ಕೇಳುವುದರಲ್ಲಿ ತಪ್ಪೇನಿಲ್ಲ. ನಾನು ಆಮೇಲೆ ಹೋಗಿ ಕೇಳಿದಾಗ ಆ ಅಂಗಡಿಯವರು ಮಾತು ತಿರುಗಿಸಿದರು. ಚೀಟಿಯಲ್ಲೂ ಹೆಸರಿಲ್ಲ, ಸಹಿ ಇಲ್ಲ. ದುಡ್ಡಿಲ್ಲ ಅಂದರೆ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಅಲ್ಲಿ ಹಸು, ಎಮ್ಮೆ, ಕುರಿಯೇ ಜಾಸ್ತಿ ಬರುವುದು ನಿಜ, ಬೆಕ್ಕಿಗೆ ಬೇಕಾದ ಸಲಕರಣೆ ಇಲ್ಲದಿರಬಹುದು. ಆದರೂ ಮೂತ್ರ ಕಟ್ಟಿದೆಯಾ ಇಲ್ಲವಾ ಅಂತ ಮುಟ್ಟಿ ಹೇಳುವಷ್ಟು ಓದಿದವರು ಅಲ್ಲಿರುತ್ತಾರೆ. ದೊಡ್ಡ ಆಪರೇಷನ್ ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ವಿಚಾರಿಸಿ.

ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಎಂದಿಗೂ ಕೊಡಬೇಡಿ. ಬೆಕ್ಕಿನ ಲಿವರ್ ಅದನ್ನು ಅರಗಿಸಿಕೊಳ್ಳುವುದಿಲ್ಲ. ಒಂದೇ ಮಾತ್ರೆ ಸಾಯಿಸಬಹುದು. ಐಬುಪ್ರೊಫೇನ್ ಕೂಡ ವಿಷವೇ.

10 ವರ್ಷ ದಾಟಿದ ಬೆಕ್ಕಿಗೆ ಇನ್ನೊಂದು ವಿಷಯವಿದೆ. ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆ ಅಂದರೆ ಎಲ್ಲವೂ ಹರಳೇ ಅಲ್ಲ. ಈ ವಯಸ್ಸಿನಲ್ಲಿ ಕಿಡ್ನಿ ಸೋಲುವುದು, ಸಕ್ಕರೆ ಕಾಯಿಲೆ, ಸೋಂಕು ಇವೂ ಜಾಸ್ತಿ. ಕಿಡ್ನಿ ಸೋಲುತ್ತಿರುವ ಬೆಕ್ಕು ನೀರು ಜಾಸ್ತಿ ಕುಡಿಯುತ್ತದೆ, ಮೂತ್ರವನ್ನೂ ಧಾರಾಳವಾಗಿ ಬಿಡುತ್ತದೆ. ಅದು ತಿಣುಕುವ ಬೆಕ್ಕಿಗಿಂತ ಬೇರೆ. ಕ್ರಿಯಾಟಿನಿನ್ ಏರಿ ಕಾಣುವ ಹೊತ್ತಿಗೆ ಕಿಡ್ನಿಯ ಕೆಲಸ ಬಹುಪಾಲು ಹೋಗಿರುತ್ತದೆ. ಹಾಗಾಗಿ ಇರುವ ದುಡ್ಡನ್ನು ಮೊದಲು ಮೂತ್ರ ಪರೀಕ್ಷೆಗೆ ಹಾಕಿ, ಆಮೇಲೆ ರಕ್ತ ಪರೀಕ್ಷೆಗೆ. ಟಾನಿಕ್, ಪೌಡರ್, ಬಣ್ಣದ ಡಬ್ಬಿಗಳಿಗೆ ಸದ್ಯಕ್ಕೆ ಬೇಡ ಅನ್ನಿ. ಕಂಪನಿಯ ನಿಜವಾದ ಯೂರಿನರಿ ಫುಡ್ ಕೂಡ ಕಿಡ್ನಿ ಸೋತ ಬೆಕ್ಕಿಗೆ ಒಗ್ಗದೇ ಇರಬಹುದು, ಮೂತ್ರವನ್ನು ಹುಳಿ ಮಾಡುವುದೇ ಅದರ ಕೆಲಸ. ಕೆಂಚನಿಗೆ ಯಾವುದು ಅಂತ ಡಾಕ್ಟರ್ ಎರಡೂ ರಿಪೋರ್ಟ್ ನೋಡಿಯೇ ಹೇಳಿದ್ದು.

ಈಗ ನಮ್ಮ ಖರ್ಚು ತಿಂಗಳಿಗೆ ತಡೆದುಕೊಳ್ಳುವಷ್ಟಿದೆ. ನೀರು ಒಳಗೆ ಹೋಗುವಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಅಡುಗೆಮನೆ, ಹಜಾರ, ಹಿತ್ತಿಲ ಬಾಗಿಲು, ಮೂರೂ ಕಡೆ ಬಟ್ಟಲಿಟ್ಟಿದ್ದೇವೆ. ಅವನ ಊಟಕ್ಕೆ ಕೋಳಿಯೋ ಮೀನೋ ಬೇಯಿಸಿದ ನೀರು ಬೆರೆಸುತ್ತೇವೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇರೆ ಪಾತ್ರೆಯಲ್ಲಿ ಬೇಯಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ. ಮೂತ್ರಕ್ಕೆ ಅಂಚು ತಗ್ಗಾಗಿರುವ ಹಳೇ ಪ್ಲಾಸ್ಟಿಕ್ ಟಬ್, ಅದರಲ್ಲಿ ಜರಡಿ ಹಿಡಿದ ಮರಳು. ಮಂಡಿ ನೋವಿರುವ ಮುದಿ ಬೆಕ್ಕು ಎತ್ತರದ ಟ್ರೇ ಹತ್ತುವುದಿಲ್ಲ. ಬೆಳಿಗ್ಗೆ ಸಂಜೆ ಮರಳಿನ ಒದ್ದೆ ಉಂಡೆ ಎಷ್ಟಿದೆ, ಎಷ್ಟು ದಪ್ಪ ಇದೆ ಅಂತ ಅಮ್ಮ ನೋಡುತ್ತಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ತೊಂದರೆ ಮೊದಲು ಗೊತ್ತಾಗುವುದು ಇಲ್ಲೇ.

ಕೆಂಚನ ಕಿಡ್ನಿ ತೊಂದರೆಗೆ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ನೀರು) ಡ್ರಿಪ್ ಅನ್ನು ಚರ್ಮದ ಕೆಳಗೆ ಕೊಡುವುದನ್ನು ಡಾಕ್ಟರ್ ನಮಗೇ ಕಲಿಸಿದರು. ಪ್ರತಿ ಸಲ ಆಸ್ಪತ್ರೆಗೆ ಓಡಾಡುವ ಖರ್ಚು ಇದರಿಂದ ಉಳಿಯಿತು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಪ್ರತಿ ಸಲ ಹೊಸ ಸೂಜಿ ಹಾಕಬೇಕು. ಎಷ್ಟು ಎಂಎಲ್, ಎಷ್ಟು ದಿನಕ್ಕೊಮ್ಮೆ ಅನ್ನುವುದು ಬೆಕ್ಕಿನಿಂದ ಬೆಕ್ಕಿಗೆ ಬೇರೆ. ಹೃದಯದ ತೊಂದರೆ ಇರುವ ಬೆಕ್ಕಿಗೆ ಇದು ಅಪಾಯ. ಯಾರೋ ಹೇಳಿದರು ಅಂತ ನೀವೇ ಶುರು ಮಾಡಬೇಡಿ.

ಕೊನೆಗೆ ಒಂದು ಕೆಲಸ ಇವತ್ತೇ ಮಾಡಿಟ್ಟುಕೊಳ್ಳಿ. ನಿಮಗೆ ಹತ್ತಿರದ ಎರಡು ಮೂರು ಡಾಕ್ಟರ್‌ಗಳಿಗೆ ಫೋನ್ ಮಾಡಿ. ಗಂಡು ಬೆಕ್ಕಿಗೆ ಕ್ಯಾಥೆಟರ್ ಹಾಕುತ್ತೀರಾ, ರಾತ್ರಿ ಮತ್ತು ಭಾನುವಾರ ಸಿಗುತ್ತೀರಾ, ಅಂದಾಜು ಎಷ್ಟಾಗುತ್ತೆ, ಕಂತಿನಲ್ಲಿ ಕೊಡಬಹುದಾ ಅಂತ ಕೇಳಿ. ಹೌದು ಅಂದವರ ನಂಬರ್ ಬರೆದು ಫ್ರಿಜ್ ಮೇಲೆ ಅಂಟಿಸಿ.