ಮಕ್ಕಳಿಗೆ ಲೈಟಿನ ಡ್ರೆಸ್ ಬಾಡಿಗೆಗೆ ತರುವ ಮೊದಲು ಇದನ್ನು ಓದಿ

ಹಾಡಿನ ಸದ್ದಿಗೆ ತಕ್ಕಂತೆ ಮಿನುಗುವ ಎಲ್‌ಇಡಿ ಡ್ರೆಸ್ ನೋಡೋಕೆ ಚೆಂದ, ನಿಜ. ಆದರೆ ದಾವಣಗೆರೆಯಲ್ಲಿ ಬಾಡಿಗೆಗೆ ತಂದ ಅಂಥ ಡ್ರೆಸ್ಸಿನಿಂದ ನಮ್ಮ ಅಕ್ಕನ ಮಗಳ ಸೊಂಟದ ಮೇಲೆ ಎರಡು ಬೆರಳಗಲ ಸುಟ್ಟ ಗಾಯ ಆಗಿದೆ. ಶಾಲೆ ವಾರ್ಷಿಕೋತ್ಸವಕ್ಕೋ ಗಣಪತಿ ಮೆರವಣಿಗೆಗೋ ಇಂಥದ್ದನ್ನು ತರುವ ಯೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಅಂಗಡಿಯವನು ಡ್ರೆಸ್ ಹಿಡಿದು ಎರಡು ಚಪ್ಪಾಳೆ ಹೊಡೆದ. ಲೈಟು ಚಕಚಕ ಅಂತ ಹೊಳೆಯಿತು. ಸ್ಟೇಜ್ ಮೇಲೆ ಡೊಳ್ಳಿನ ಬೀಟ್ ಇರೋ ಹಾಡು, ಎದುರಿಗೇ ದೊಡ್ಡ ಬಾಕ್ಸ್ ಇರುತ್ತವೆ, ಅಲ್ಲೂ ಸರಿ ಬರುತ್ತಾ ಅಂತ ಕೇಳಿದೆ. "ಎಲ್ಲಾ ಸೆಟ್ ಮಾಡೀವ್ರಿ ಸರ್, ನೀವೇನೂ ಮುಟ್ಟಬ್ಯಾಡ್ರಿ" ಅಂದ. ಮುಟ್ಟೋಕೆ ಆಗುವ ಹಾಗೂ ಇರಲಿಲ್ಲ. ಹಾಡಿನ ಸದ್ದು ಹಿಡಿಯೋಕೆ ಡ್ರೆಸ್ಸಿನಲ್ಲೇ ಒಂದು ಪುಟ್ಟ ಮೈಕ್ ಇರುತ್ತೆ, ಅದರ ಪಕ್ಕದ ಸಣ್ಣ ತಿರುಪಿನ ಮೇಲೆ ಅಂಟು ಸುರಿದು ಮುಚ್ಚಿಬಿಟ್ಟಿದ್ದರು.

ಸ್ಟೇಜಿನಲ್ಲಿ ಹಾಡು ಶುರುವಾದ ಕೂಡಲೇ ಲೈಟು ಮಿನುಗುವುದನ್ನೇ ಬಿಟ್ಟು ಬೆಳ್ಳಗೆ ಉರಿಯುತ್ತಾ ನಿಂತಿತು. ಜನ ಚಪ್ಪಾಳೆ ತಟ್ಟಿದರು, ಅದೇ ಡಿಸೈನ್ ಅಂದುಕೊಂಡಿರಬೇಕು. ಅರ್ಧ ಹಾಡಿಗೆ ಮಗು ಪರದೆಯ ಹಿಂದೆ ಓಡಿ ಬಂದು "ಮಾಮ, ಸೊಂಟ ಉರೀತೈತಿ" ಅಂತ ಅತ್ತಿತು. ಬ್ಯಾಟರಿ ಡಬ್ಬಿಯನ್ನು ಒಳಗಡೆ ಲೈನಿಂಗಿಗೇ ಹೊಲಿದಿದ್ದರು, ಕತ್ತರಿ ಹುಡುಕಿ ಬಿಚ್ಚುವ ಹೊತ್ತಿಗೆ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅಲ್ಲಿದ್ದವರೊಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು. ಹಚ್ಚಬೇಡಿ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಇದು ಯಾಕೆ ಆಗುತ್ತೆ ಅಂದರೆ, ಆ ತಿರುಪು ಮೈಕ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನೋದನ್ನು ನಿಗದಿ ಮಾಡುತ್ತೆ. ಅಂಗಡಿಯ ನಿಶ್ಶಬ್ದದಲ್ಲಿ ಒಂದು ಚಪ್ಪಾಳೆಗೆ ಹೊಳೆಯುವಷ್ಟು ಏರಿಸಿಟ್ಟರೆ, ದೊಡ್ಡ ಸ್ಪೀಕರಿನ ಮುಂದೆ ಅದಕ್ಕೆ ಬೀಟ್ ಯಾವುದು, ನಡುವಿನ ಬಿಡುವು ಯಾವುದು ಗೊತ್ತಾಗಲ್ಲ. ಎಲ್ಲವೂ ಜೋರು ಸದ್ದೇ. ಹಾಗಾಗಿ ಲೈಟು ಆರುವುದೇ ಇಲ್ಲ. ಹೆಚ್ಚಾಗಿ ಬಳಸುವ 5 ವೋಲ್ಟಿನ ಬಣ್ಣದ ಪಟ್ಟಿಯಲ್ಲಿ ಒಂದೊಂದು ಎಲ್‌ಇಡಿ ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪ್ ಎಳೆಯುತ್ತೆ. ಮೀಟರಿಗೆ 60 ಎಲ್‌ಇಡಿ ಇರುವ ಪಟ್ಟಿ ಎರಡು ಮೀಟರ್ ಹಾಕಿದರೆ 7 ಆಂಪ್ ದಾಟುತ್ತೆ. ಮಿನುಗುತ್ತಿದ್ದರೆ ನಡುನಡುವೆ ಬ್ಯಾಟರಿಗೆ ಉಸಿರಾಡೋಕೆ ಬಿಡುವು ಸಿಗುತ್ತೆ, ಒಂದೇ ಸಮ ಉರಿದರೆ ಸಣ್ಣ ಲಿಥಿಯಂ ಸೆಲ್ಲು, ವೋಲ್ಟೇಜ್ ಏರಿಸುವ ಬೋರ್ಡು, ಕೂದಲೆಳೆಯಂಥ ವಯರು ಎಲ್ಲಾ ಬಿಸಿಯಾಗುತ್ತವೆ. ಪಟ್ಟಿಯ ತುದಿಯಲ್ಲಿ ಬಿಳಿ ಲೈಟು ಕೆಂಪಗೆ ತಿರುಗಿದರೆ ಅಲ್ಲಿವರೆಗೆ ವೋಲ್ಟೇಜ್ ಸಾಕಷ್ಟು ತಲುಪುತ್ತಿಲ್ಲ ಅಂತ ಅರ್ಥ. ನಮ್ಮ ಮಗುವಿನ ತೋಳಿನ ತುದಿಯಲ್ಲಿ ಹಾಗೇ ಆಗಿತ್ತು.

ಅದಕ್ಕೇ ಅಂಗಡಿಯ ಚಪ್ಪಾಳೆ ನಂಬಬೇಡಿ. ರಿಹರ್ಸಲ್ ದಿನ ಅದೇ ಹಾಡು, ಅದೇ ಸೌಂಡು, ಮಗು ನಿಲ್ಲುವ ಅದೇ ಜಾಗದಲ್ಲಿ ಡ್ರೆಸ್ ಹಿಡಿದು, ಸಣ್ಣ ಸ್ಕ್ರೂಡ್ರೈವರಿನಲ್ಲಿ ತಿರುಪನ್ನು ನಿಧಾನಕ್ಕೆ ತಿರುಗಿಸಿ ಎರಡು ಬೀಟ್‌ಗಳ ನಡುವೆ ಲೈಟು ಪೂರ್ತಿ ಆರುವವರೆಗೆ ಇಳಿಸಿ. ತಿರುಪೇ ಇಲ್ಲದಿದ್ದರೆ ಮೈಕಿನ ಮೇಲೆ ದಪ್ಪ ಸ್ಪಂಜು, ಟೇಪು ಅಂಟಿಸಿ ನೋಡಿ. ಬಟ್ಟೆ ಉಜ್ಜುವ ಕಡೆ ಮೈಕ್ ಇದ್ದರೆ ಆ ಸರಸರ ಸದ್ದಿಗೂ ಲೈಟು ಹೊಳೆಯುತ್ತೆ, ಭುಜದ ಮೇಲೆ ಇದ್ದರೆ ವಾಸಿ. ನೀವೇ ಜೋಡಿಸುವವರಾದರೆ, ಮ್ಯಾಕ್ಸ್ 9814 ಅನ್ನೋ ಮೈಕ್ ಬೋರ್ಡಿನಲ್ಲಿ ಗೇನ್ ಪಿನ್ (ಸದ್ದು ಎಷ್ಟು ಹಿಗ್ಗಬೇಕು ಅಂತ ನಿಗದಿ ಮಾಡುವ ಪಿನ್) ಎಲ್ಲಿಗೂ ಜೋಡಿಸದೆ ಬಿಟ್ಟರೆ ಹಿಗ್ಗಿಸುವ ಮಟ್ಟ 60 ಡೆಸಿಬಲ್ ಇರುತ್ತೆ, ಅದನ್ನು ವಿಡಿಡಿಗೆ, ಅಂದರೆ ಬೋರ್ಡಿಗೆ ಕರೆಂಟ್ ಕೊಡುವ ಪಿನ್ನಿಗೆ, ಜೋಡಿಸಿದರೆ 40ಕ್ಕೆ ಇಳಿಯುತ್ತೆ. ಲೈಟು ನಡೆಸುವ ಕೋಡಿನಲ್ಲಿ ಬೆಳಕನ್ನೂ ಮೂರನೇ ಒಂದು ಭಾಗಕ್ಕೆ ಇಳಿಸಿ. ಕತ್ತಲ ಸ್ಟೇಜಿಗೆ ಅದು ಧಾರಾಳ ಸಾಕು.

ಬ್ಯಾಟರಿ ಮಾತ್ರ ಮೈಗೆ ತಾಗಲೇಬಾರದು. ಹೊರಗಡೆ, ದಪ್ಪ ಹತ್ತಿ ಬೆಲ್ಟಿನ ಮೇಲೆ, ಒಂದೇ ಎಳೆತಕ್ಕೆ ಬಿಚ್ಚಿ ಬರುವ ಹಾಗೆ ಇರಬೇಕು. ಫ್ಯೂಸ್ ಇದೆಯಾ ಕೇಳಿ. ಹಾಡು ಎಷ್ಟು ಹೊತ್ತೋ ಅದರ ಎರಡರಷ್ಟು ಹೊತ್ತು ಉರಿಸಿ ಡಬ್ಬಿ ಮುಟ್ಟಿ ನೋಡಿ. ಬಿಸಿ ಅನ್ನಿಸಿದರೆ ಆ ಡ್ರೆಸ್ ವಾಪಸ್ ಕೊಡಿ, ಮುಲಾಜು ಬೇಡ.

ಅಂಗಡಿಯವನಿಗೆ ಗಾಯದ ಫೋಟೋ ತೋರಿಸಿದರೆ "ಹುಡುಗಿ ಎಳೆದಾಡಿರಬೇಕ್ರಿ" ಅಂದ, ಲೈನಿಂಗ್ ಹರಿದಿದ್ದಕ್ಕೆ ಅಡ್ವಾನ್ಸಿನಲ್ಲೂ ದುಡ್ಡು ಮುರಿದುಕೊಂಡ. ಮಗುವಿಗೆ ಈಗ ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ. ಆ ಡ್ರೆಸ್ಸುಗಳು ಈಗಲೂ ಅಲ್ಲೇ ನೇತಾಡುತ್ತಿವೆ, ಚಿತ್ರದುರ್ಗದ ಕಾರ್ಯಕ್ರಮಗಳಿಗೂ ಹೋಗುತ್ತವಂತೆ. ಮೈಕಿನ ತಿರುಪಿನ ಮೇಲೆ ಅಂಟು, ಒಳಗೆ ಹೊಲಿದ ಬ್ಯಾಟರಿ ಡಬ್ಬಿ, ಮಗುವಿನ ಕೈಗೆ ಸಿಗದ ಸ್ವಿಚ್ಚು, ಈ ಮೂರರಲ್ಲಿ ಒಂದು ಕಂಡರೂ ತರಬೇಡಿ.